ಎಡವುತ್ತಿದ್ದ ತಬಲಾ: ರೀಪರ್ ಜೊತೆ ಐದು ವರ್ಷ

ಎರಡು ತಿಂಗಳು ಬಳಸಿದ ಮೇಲೆಯೇ ವಿಮರ್ಶೆ ಬರೆದಿದ್ದರೆ ರೀಪರ್ ಎಂಬ ಸಂಗೀತ ರೆಕಾರ್ಡಿಂಗ್ ಸಾಫ್ಟ್‌ವೇರಿಗೆ ಒಂದು ಸ್ಟಾರ್ ಕೊಟ್ಟು, ಮೇಲೆ ನಾಲ್ಕು ಬೈಗುಳ ಸೇರಿಸಿರುತ್ತಿದ್ದೆ. ಬರೆಯದೆ ಇದ್ದದ್ದು ಒಳ್ಳೆಯದಾಯ್ತು. 2020ರಲ್ಲಿ ಲೈಸೆನ್ಸ್ ತಗೊಂಡೆ, ಈಗ ಐದು ವರ್ಷ ದಾಟಿದೆ. ಇಷ್ಟು ದಿನ ನಾನು ಬೈದದ್ದರಲ್ಲಿ ಮುಕ್ಕಾಲು ಪಾಲು ಬೇರೆ ಸಾಮಾನುಗಳಿಗೆ ಸಲ್ಲಬೇಕಾದದ್ದು.

ನನ್ನ ಕೆಲಸ ಸಣ್ಣದು. ಶಿವಮೊಗ್ಗದಲ್ಲಿ ಬ್ಯಾಂಕಿನ ನೌಕರಿ. ಸಂಜೆ ಮೇಲೆ ಮನೆಯ ಹಿಂದಿನ ಕೋಣೆಯಲ್ಲಿ ಭಾವಗೀತೆ ಹಾಡುವವರಿಗೆ ಟ್ರ್ಯಾಕ್ ಮಾಡಿಕೊಡುತ್ತೇನೆ, ಭರತನಾಟ್ಯ ಕಲಿಯುವ ಮಕ್ಕಳ ಅಭ್ಯಾಸಕ್ಕೆ ಜತಿ ಕೂರಿಸಿಕೊಡುತ್ತೇನೆ. ಸಾಮಾನೂ ಅಷ್ಟಕ್ಕಷ್ಟೇ: ಹಿಂಬದಿಯಲ್ಲಿ ಐದು ಪಿನ್ನಿನ ಮಿಡಿ (ಯಾವ ಸ್ವರ, ಎಷ್ಟು ಜೋರು ಎಂಬ ಸಂದೇಶವನ್ನು ವಾದ್ಯಕ್ಕೂ ಕಂಪ್ಯೂಟರಿಗೂ ನಡುವೆ ಸಾಗಿಸುವ ವ್ಯವಸ್ಥೆ) ತೂತುಗಳಿರುವ ಹಳೆ ಕೀಬೋರ್ಡ್, ಒಂದು ವಿಂಡೋಸ್ ಲ್ಯಾಪ್‌ಟಾಪ್, ಕಂಪ್ಯೂಟರಿಗೆ ಸದ್ದನ್ನು ಒಳಗೂ ಹೊರಗೂ ದಾಟಿಸುವ ಎರಡು ಚಾನೆಲ್ಲಿನ ಆಡಿಯೋ ಇಂಟರ್‌ಫೇಸ್. ಆ ಇಂಟರ್‌ಫೇಸ್‌ನಲ್ಲಿ ಮಿಡಿ ಪೋರ್ಟ್ ಇರಲಿಲ್ಲ. ಹಾಗಾಗಿ ಆನ್‌ಲೈನಿನಲ್ಲಿ 350 ರೂಪಾಯಿಗೆ ಸಿಕ್ಕ, ಹೆಸರೂ ದಿಸೆಯೂ ಇಲ್ಲದ ಯುಎಸ್‌ಬಿ ಮಿಡಿ ಕೇಬಲ್ ತರಿಸಿದ್ದೆ. ಖಳನಾಯಕ ಅದೇ. ಅದು ಗೊತ್ತಾಗಲು ಏಳು ತಿಂಗಳು ಹಿಡಿಯಿತು.

ಮನೆಯಲ್ಲಿ ಮಿಡಿ ಅಂದರೆ ಅಪ್ಪೆಮಿಡಿ. "ನಿಮ್ಮ ಮಿಡಿ ಸರಿಹೋಯ್ತಾ?" ಅಂತ ಹೆಂಡತಿ ಕೇಳಿದರೆ ಉಪ್ಪಿನಕಾಯಿಯದ್ದೋ ಕಂಪ್ಯೂಟರಿನದ್ದೋ ಅಂತ ಒಂದು ಕ್ಷಣ ಯೋಚಿಸಬೇಕು. ಆ ವರ್ಷ ಉಪ್ಪಿನಕಾಯಿಯ ಮಿಡಿ ಮಾತ್ರ ಸರಿಯಾಗಿತ್ತು.

ಮೊದಲು ಕಿವಿಗೆ ಬಿದ್ದದ್ದು ನನಗಲ್ಲ, ನಮ್ಮ ಬೀದಿಯ ಮೃದಂಗದ ಮೇಷ್ಟ್ರಿಗೆ. ಕೀಬೋರ್ಡಿನೊಳಗಿನ ತಬಲಾವನ್ನು ರೀಪರ್‌ನಿಂದ ನುಡಿಸಿ ಒಂದು ಟ್ರ್ಯಾಕ್ ಕೇಳಿಸಿದೆ. ಕಣ್ಣು ಮುಚ್ಚಿ ತೊಡೆಯ ಮೇಲೆ ತಾಳ ಹಾಕುತ್ತಿದ್ದವರು ಎರಡನೇ ಆವರ್ತಕ್ಕೇ ಕೈ ನಿಲ್ಲಿಸಿದರು.

"ಏನಪ್ಪಾ, ನಿನ್ನ ತಬಲದವನು ಹೊಸ್ತಿಲು ಎಡವ್ತಾ ಬರ್ತಿದ್ದಾನಲ್ಲ?"

"ಕಂಪ್ಯೂಟರ್ ನುಡಿಸ್ತಿರೋದು ಮೇಷ್ಟ್ರೇ, ತಾಳ ತಪ್ಪೋಕೆ ಸಾಧ್ಯವೇ ಇಲ್ಲ."

"ತಪ್ಪಿದ ಅಂತ ನಾನೆಲ್ಲಿ ಅಂದೆ? ನಡುನಡುವೆ ಎಡವ್ತಾನೆ ಅಂದೆ. ಎಡವೋದಾದ್ರೂ ಒಂದೇ ಥರ ಎಡವ್ತಾನಾ, ಅದೂ ಇಲ್ಲ."

ಆ ಕೊನೆಯ ಮಾತಿನಲ್ಲಿ ರೋಗದ ಹೆಸರೇ ಇತ್ತು. ನನಗೆ ಅದು ಆಗ ತಲೆಗೆ ಹೋಗಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅಂತ ನನ್ನನ್ನೇ ಹಳಿದುಕೊಂಡೆ, ಆಮೇಲೆ ಸಾಫ್ಟ್‌ವೇರನ್ನು ಹಳಿದೆ. ನೋಡಿದರೆ ನೆಲವೇ ಡೊಂಕಾಗಿತ್ತು.

ತಡ ಎರಡು ಬಗೆ. ದಿನಾ ಸರಿಯಾಗಿ ಹತ್ತು ನಿಮಿಷ ತಡವಾಗಿ ಬರುವ ಸಾಗರದ ಬಸ್ಸಿಗೆ ನಾವೂ ಹತ್ತು ನಿಮಿಷ ತಡವಾಗಿ ಮನೆ ಬಿಡಬಹುದು, ಯಾರಿಗೂ ತೊಂದರೆಯಿಲ್ಲ. ಇದು ಲೇಟೆನ್ಸಿ. ಒಂದು ದಿನ ಎರಡು ನಿಮಿಷ, ಇನ್ನೊಂದು ದಿನ ಇಪ್ಪತ್ತು ನಿಮಿಷ ತಡವಾಗುವ ಬಸ್ಸಿಗೆ ಏನು ಮಾಡಿದರೂ ಲೆಕ್ಕ ಹತ್ತುವುದಿಲ್ಲ. ಅದು ಜಿಟರ್. ಲೇಟೆನ್ಸಿ ಎಷ್ಟೆಂದು ಗೊತ್ತಾದರೆ ಒಂದು ಸಂಖ್ಯೆ ಹಾಕಿ ಸರಿಮಾಡಬಹುದು, ಜಿಟರ್ ಬಂದರೆ ಅದು ಹುಟ್ಟುವ ಜಾಗವನ್ನೇ ಹುಡುಕಬೇಕು. ನಾನು ಏಳು ತಿಂಗಳು ಮಾಡಿದ್ದು ಜಿಟರ್ ಇಟ್ಟುಕೊಂಡು ಬಫರ್ ಗಾತ್ರ (ಕಂಪ್ಯೂಟರ್ ಒಮ್ಮೆಗೆ ಎಷ್ಟು ಸದ್ದು ಕೂಡಿಟ್ಟು ಕಳಿಸುತ್ತದೆ ಅನ್ನುವುದು) ಬದಲಿಸುವ ಕೆಲಸ. 1024, 512, 256, ಮತ್ತೆ 512. ಎಲ್ಲ ದಂಡ.

ಕಡೆಗೆ ಒಂದು ಭಾನುವಾರ ಅಳತೆಗೆ ಕೂತೆ. ರೀಪರ್‌ನಲ್ಲಿ 120ರ ಟೆಂಪೋ, ಬೀಟಿಗೆ ನಾಲ್ಕು ಪೆಟ್ಟು, ಅಂದರೆ 125 ಮಿಲಿಸೆಕೆಂಡಿಗೊಂದು. ಕೀಬೋರ್ಡಿನಲ್ಲಿ ಟಕ್ಕೆಂದು ಶುರುವಾಗುವ ಮರದ ತುಂಡು ಬಡಿದಂಥ ಸದ್ದು ಆರಿಸಿದೆ. ಅದರ ಹೆಡ್‌ಫೋನ್ ಜ್ಯಾಕಿನಿಂದ ಇಂಟರ್‌ಫೇಸ್‌ಗೆ ವೈರ್ ಎಳೆದು, ಮಿಡಿಯಲ್ಲಿ ಹೋದದ್ದನ್ನು ಆಡಿಯೋ ಆಗಿ ವಾಪಸ್ ರೆಕಾರ್ಡ್ ಮಾಡಿದೆ. ಆಮೇಲೆ ತೆರೆಯನ್ನು ಹಿಗ್ಗಿಸಿ, ಗ್ರಿಡ್ಡಿನ ಗೆರೆಗೂ ಅಲೆ ಏಳುವ ಜಾಗಕ್ಕೂ ಎಷ್ಟು ಅಂತರ ಎಂದು ಪೆಟ್ಟು ಪೆಟ್ಟಿಗೂ ಬರೆದುಕೊಂಡೆ: 9, 11, 24, 8, 17, 9, 31, 12 ಮಿಲಿಸೆಕೆಂಡ್. ಮೇಷ್ಟ್ರ ಕಿವಿಗೆ ಮನಸ್ಸಿನಲ್ಲೇ ಕೈ ಮುಗಿದೆ.

ಗೆಳೆಯನ ಹತ್ತಿರ ಮಿಡಿ ಪೋರ್ಟ್ ಇರುವ ಇಂಟರ್‌ಫೇಸ್ ಒಂದು ವಾರಕ್ಕೆ ಕಡ ತಂದು ಅದೇ ಪರೀಕ್ಷೆ ಮಾಡಿದೆ: 8, 9, 8, 8, 9, 8. ರೀಪರ್ ಅದೇ, ಲ್ಯಾಪ್‌ಟಾಪ್ ಅದೇ, ಕೀಬೋರ್ಡ್ ಅದೇ. ಆ 8 ಕೀಬೋರ್ಡು ಮಿಡಿ ಓದಿ ಸದ್ದು ಹೊರಡಿಸಲು ತಗೊಳ್ಳುವ ಹೊತ್ತು. ರೀಪರ್‌ನ ಮಿಡಿ ಔಟ್‌ಪುಟ್ ಸೆಟ್ಟಿಂಗಿನಲ್ಲಿ ಆ ಸಾಧನಕ್ಕೆ ಇಷ್ಟು ಮಿಲಿಸೆಕೆಂಡ್ ಆಚೀಚೆ ಕಳಿಸು ಅನ್ನುವ ಜಾಗವಿದೆ. 8 ಮಿಲಿಸೆಕೆಂಡ್ ಮುಂಚೆ ಅಂತ ಹಾಕಿದೆ. ಅಷ್ಟೇ ಕೆಲಸ.

350 ರೂಪಾಯಿಯ ಕೇಬಲ್ಲಿನ ಗಂಟನ್ನು ಸಿಟ್ಟಿಗೆ ಬಿಚ್ಚಿ ನೋಡಿದೆ. ಹೆಬ್ಬೆರಳಿನ ಗಾತ್ರದ ಬೋರ್ಡು, ಮೇಲೆ ಕರಿ ಮೇಣದಂಥದ್ದು ಸುರಿದ ಒಂದು ಚಿಪ್, ಎರಡು ಪುಟ್ಟ ದೀಪ. 1983ರಲ್ಲಿ ಬಂದ ಮಿಡಿ ನಿಯಮದ ಪ್ರಕಾರ ಒಳಬರುವ ಕಡೆ ಆಪ್ಟೋಕಪ್ಲರ್ ಇರಲೇಬೇಕು, ಎರಡು ಸಾಧನಗಳ ವಿದ್ಯುತ್ತು ಒಂದಕ್ಕೊಂದು ತಾಗದಂತೆ ಬೆಳಕಿನ ಮೂಲಕ ಸಂಕೇತ ದಾಟಿಸುವ ಬಿಡಿಭಾಗ ಅದು. ಇದರಲ್ಲಿ ಅದರ ಸುಳಿವೇ ಇರಲಿಲ್ಲ. ಚಾರ್ಜರ್ ಹಾಕಿದಾಗ ಸ್ಪೀಕರಿನಲ್ಲಿ ಬರುತ್ತಿದ್ದ ಗುಂಯ್ ಸದ್ದಿಗೂ ಆಗ ಅರ್ಥ ಸಿಕ್ಕಿತು.

ಹಾಗಂತ ಒಳ್ಳೆ ಪೋರ್ಟ್ ತಂದೊಡನೆ ಎಲ್ಲ ಮುಗಿಯಲಿಲ್ಲ. ನಮ್ಮ ಸಂಗೀತಕ್ಕೇ ಅಂಟಿದ ಇನ್ನೊಂದು ತಾಪತ್ರಯವಿದೆ, ಅದನ್ನು ಯಾವ ಕೈಪಿಡಿಯಲ್ಲೂ ನಾನು ಕಂಡಿಲ್ಲ. ಐದು ಪಿನ್ನಿನ ಕೇಬಲ್ಲಿನಲ್ಲಿ ಸೆಕೆಂಡಿಗೆ 31,250 ಬಿಟ್ ಹೋಗುತ್ತದೆ. ಒಂದು ಬೈಟಿಗೆ ಆಚೀಚೆಯ ಗುರುತು ಸೇರಿ 10 ಬಿಟ್, ಒಂದು ಸ್ವರ ಶುರುಮಾಡಲು ಮೂರು ಬೈಟ್. ಲೆಕ್ಕ ಹಾಕಿದರೆ ಒಂದು ಸ್ವರಕ್ಕೆ ಹೆಚ್ಚುಕಡಿಮೆ 1 ಮಿಲಿಸೆಕೆಂಡ್. ಪಿಯಾನೋ ನುಡಿಸುವವರಿಗೆ ಇದು ಧಾರಾಳ ಸಾಕು. ಆದರೆ ನಾನು ಕೊಳಲಿನ ದನಿಯಲ್ಲಿ ತೋಡಿಯ ಗಾಂಧಾರಕ್ಕೆ ಪಿಚ್ ಬೆಂಡ್ ಚಕ್ರ (ಸ್ವರವನ್ನು ಮೇಲೆ ಕೆಳಗೆ ಜಾರಿಸುವ ಚಕ್ರ) ತಿರುಗಿಸುತ್ತಾ ಗಮಕ ಹಾಕಿದರೆ ಒಂದೊಂದು ಅಲುಗಾಟಕ್ಕೂ ನೂರಾರು ಸಂದೇಶ. ಎಲ್ಲವೂ ಅದೇ ಒಂಟಿ ದಾರಿಯಲ್ಲಿ ಸಾಲಾಗಿ ಹೋಗಬೇಕು. ತಬಲಾದ ಪೆಟ್ಟು ಆ ಸಾಲಿನ ಹಿಂದೆ ಸಿಕ್ಕಿಕೊಂಡರೆ, ಗಮಕ ಮುಗಿಯುವವರೆಗೆ ಕಾಯಬೇಕು. ಆಗುಂಬೆ ಘಾಟಿಯಲ್ಲಿ ಲಾರಿ ಹಿಂದೆ ಸಿಕ್ಕ ಕಾರಿನ ಪಾಡು.

ಗಮಕ ಜೋರಿದ್ದ ಕಡೆಯೇ ತಬಲಾ ಹಿಂದೆ ಬೀಳುತ್ತಿದ್ದದ್ದನ್ನು ಗಮನಿಸಿದ ಮೇಲೆ ಇದು ಹೊಳೆಯಿತು. ಈಗ ಕೊಳಲನ್ನು ಲ್ಯಾಪ್‌ಟಾಪಿನೊಳಗಿನ ಸಾಫ್ಟ್‌ವೇರ್ ವಾದ್ಯಕ್ಕೆ ಕೊಟ್ಟಿದ್ದೇನೆ, ಕೇಬಲ್ಲಿನಲ್ಲಿ ಹೋಗುವುದು ತಾಳವಾದ್ಯ ಮಾತ್ರ. ರೀಪರ್‌ನ ಮಿಡಿ ಎಡಿಟರಿನಲ್ಲಿ ಬೆಂಡ್‌ಗಳ ದಟ್ಟಣೆಯನ್ನೂ ಕಡಿಮೆ ಮಾಡಬಹುದು, ಅರ್ಧಕ್ಕರ್ಧ ತೆಗೆದರೂ ಕಿವಿಗೆ ಗೊತ್ತಾಗಲಿಲ್ಲ. ಇದರ ಜೊತೆಗೇ ಇನ್ನೊಂದು ಪೆಟ್ಟು ತಿಂದೆ. ಸ್ವರಗಳನ್ನು ಕ್ವಾಂಟೈಸ್ ಮಾಡಿ ಗ್ರಿಡ್ಡಿಗೆ ಎಳೆದಾಗ ಸ್ವರ ಮಾತ್ರ ಸರಿಯಿತು, ಬೆಂಡ್‌ಗಳು ಹಳೆ ಜಾಗದಲ್ಲೇ ಉಳಿದವು. ಗಾಂಧಾರದ ಗಮಕ ಮಧ್ಯಮದ ತಲೆ ಮೇಲೆ ಕೂತು, ರಾಗ ಯಾವುದೋ ಊರಿಗೆ ಹೋಗಿತ್ತು. ಈಗ ಕೊಳಲಿಗೆ ಕ್ವಾಂಟೈಸ್ ಮುಟ್ಟುವುದೇ ಇಲ್ಲ. ತಪ್ಪಾದರೆ ಮತ್ತೆ ನುಡಿಸುತ್ತೇನೆ.

ಮೂರನೇ ವರ್ಷ ಒಂದು ಸಂಜೆ, ನಿನ್ನೆವರೆಗೆ ಚೆನ್ನಾಗಿದ್ದ ಕೀಬೋರ್ಡು ಇದ್ದಕ್ಕಿದ್ದಂತೆ ಒತ್ತಿದ ಎಷ್ಟೋ ಹೊತ್ತಿನ ಮೇಲೆ ನುಡಿಯಲು ಶುರುವಾಯಿತು. ಡ್ರೈವರ್ ತೆಗೆದು ಹಾಕಿದೆ, ಪೋರ್ಟ್ ಬದಲಿಸಿದೆ, ಊಟ ಬಿಟ್ಟೆ. ಕಾರಣ ನಾನೇ: ಹಿಂದಿನ ರಾತ್ರಿ ಎಲ್ಲ ಸದ್ದೂ ಸೇರಿ ಹೊರಬರುವ ಮಾಸ್ಟರ್ ಟ್ರ್ಯಾಕಿಗೆ, ಸದ್ದು ಮಿತಿ ಮೀರದಂತೆ ತಡೆಯುವ ಒಂದು ಲಿಮಿಟರ್ ಹಾಕಿ ಮರೆತಿದ್ದೆ. ಮುಂದೆ ಬರುವ ಸದ್ದನ್ನು ಮುಂಚೆಯೇ ನೋಡಿಕೊಳ್ಳುವ ಪ್ಲಗಿನ್ ಅದು, ಅದಕ್ಕಾಗಿ ಎಲ್ಲವನ್ನೂ ತಡೆದು ನಿಲ್ಲಿಸುತ್ತದೆ. ಪ್ಲಗಿನ್ ಕಿಟಕಿಯ ಕೆಳಮೂಲೆಯಲ್ಲಿ ರೀಪರ್ ಎಷ್ಟು ಸ್ಯಾಂಪಲ್ (ಸದ್ದಿನ ಅತಿ ಸಣ್ಣ ತುಣುಕು) ತಡ ಎಂದು ಸಣ್ಣಕ್ಷರದಲ್ಲಿ ಬರೆದೇ ಇರುತ್ತದೆ, ನೋಡುವ ಬುದ್ಧಿ ನಮಗಿರಬೇಕು. ಈಗ ರೆಕಾರ್ಡಿಂಗ್ ಮುಗಿಯುವ ತನಕ ಮಾಸ್ಟರ್ ಖಾಲಿ.

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ಇಂಟರ್‌ಫೇಸ್ ಜೊತೆ ಬರುವ, ವಿಂಡೋಸ್‌ನಲ್ಲಿ ಸದ್ದಿನ ತಡ ಕಡಿಮೆ ಮಾಡುವ ಎಎಸ್‌ಐಓ ಡ್ರೈವರನ್ನೇ ಬಳಸಿ. ಸೆಕೆಂಡಿಗೆ 44,100 ಸ್ಯಾಂಪಲ್ ಇದ್ದಾಗ 128 ಸ್ಯಾಂಪಲ್ ಬಫರ್ ಇಟ್ಟರೆ 2.9 ಮಿಲಿಸೆಕೆಂಡ್, 1024 ಇಟ್ಟರೆ 23. ನುಡಿಸುವಾಗ ಸಣ್ಣದು, ಮಿಕ್ಸ್ ಮಾಡುವಾಗ ದೊಡ್ಡದು. 10 ಮಿಲಿಸೆಕೆಂಡ್ ಅಂದರೆ ಸದ್ದು ಗಾಳಿಯಲ್ಲಿ ಸುಮಾರು ಮೂರೂವರೆ ಮೀಟರ್ ನಡೆಯುವ ಹೊತ್ತು, ವೇದಿಕೆಯಲ್ಲಿ ಅದಕ್ಕಿಂತ ದೂರ ಕೂತು ನುಡಿಸಿದವರಿದ್ದಾರೆ. ಸ್ಥಿರ ತಡಕ್ಕೆ ಅಂಜಬೇಡಿ. ಒಂದೇ ಸ್ವರ ಎರಡೆರಡು ಸಲ ಕೇಳಿ ಡಬ್ಬದೊಳಗಿನ ದನಿಯಂತಾದರೆ ಕೀಬೋರ್ಡಿನ ಲೋಕಲ್ ಕಂಟ್ರೋಲ್ (ಕೀಲಿ ಒತ್ತಿದೊಡನೆ ಕೀಬೋರ್ಡು ತಾನೇ ನುಡಿಯುವ ವ್ಯವಸ್ಥೆ) ಆಫ್ ಮಾಡಿ. ರೀಪರ್‌ನ ಮಿಡಿ ಇನ್‌ಪುಟ್ ಸೆಟ್ಟಿಂಗಿನಲ್ಲಿ ಟೈಮ್‌ಸ್ಟ್ಯಾಂಪ್, ಅಂದರೆ ಬಂದ ಹೊತ್ತಿನ ಗುರುತಿನ ಆಯ್ಕೆಗಳಿವೆ. ನುಡಿಸಿದ್ದು ಒಂದು ಕಡೆ, ದಾಖಲಾದದ್ದು ಇನ್ನೊಂದು ಕಡೆ ಅಂತಾದರೆ ಅಲ್ಲಿ ಕೈ ಹಾಕಿ. ಮಗಳು ಒಮ್ಮೆ ಬ್ಲೂಟೂತ್ ಹೆಡ್‌ಫೋನ್ ಹಾಕಿಕೊಂಡು ಕೀಬೋರ್ಡ್ ಕೆಟ್ಟಿದೆ ಅಂದಳು; ವೈರಿನದ್ದು ಕೊಟ್ಟೆ, ಸರಿಹೋಯಿತು.

ಲ್ಯಾಪ್‌ಟಾಪಿನ ಕಾಟ ಬೇರೆ. ಲೇಟೆನ್ಸಿಮಾನ್ ಅನ್ನುವ ಪುಕ್ಕಟೆ ಉಪಕರಣ ಓಡಿಸಿದರೆ ಯಾವ ಡ್ರೈವರ್ ದಾರಿಗೆ ಅಡ್ಡ ಕೂತಿದೆ ಎಂದು ತೋರಿಸುತ್ತದೆ. ನನ್ನದರಲ್ಲಿ ವೈಫೈ. ರೆಕಾರ್ಡಿಂಗ್ ಹೊತ್ತಿಗೆ ಅದನ್ನು ಆರಿಸಿಡುತ್ತೇನೆ. ಮಳೆಗಾಲದಲ್ಲಿ ಕರೆಂಟ್ ಹೋದ ಕೂಡಲೇ ಲ್ಯಾಪ್‌ಟಾಪ್ ಬ್ಯಾಟರಿ ಉಳಿಸುವ ಚಾಳಿಗೆ ಬಿದ್ದು ಸದ್ದು ಪಟಪಟ ಒಡೆಯುತ್ತಿತ್ತು. ಪವರ್ ಪ್ಲಾನನ್ನು ಬ್ಯಾಟರಿಯಲ್ಲೂ ಹೈ ಪರ್ಫಾರ್ಮೆನ್ಸ್‌ಗೆ ಇಟ್ಟೆ, ಯುಎಸ್‌ಬಿ ಪೋರ್ಟನ್ನು ಮಲಗಿಸುವ ಆಯ್ಕೆ ತೆಗೆದೆ.

ಇನ್ನು ರೀಪರ್ ಬಗ್ಗೆ. ಹಿಂದೆ ಕಂಪ್ಯೂಟರಿನಲ್ಲಿ ಹಾಡು ಕೇಳಿಸುವ ವಿನ್ಯಾಂಪ್ ಬರೆದ ಜಸ್ಟಿನ್ ಫ್ರಾಂಕೆಲ್ ಅವರ ಕಾಕೋಸ್ ಕಂಪನಿಯದ್ದು. 60 ದಿನ ಪೂರ್ತಿ ಸೌಲಭ್ಯದೊಂದಿಗೆ ಬಳಸಿ ನೋಡಬಹುದು. ಮನೆಬಳಕೆಯ ಲೈಸೆನ್ಸ್ 60 ಡಾಲರ್, ನಾನು ಕೊಟ್ಟಾಗ ನಾಲ್ಕೂವರೆ ಸಾವಿರದ ಆಸುಪಾಸು. ಆಗ 6ನೇ ಆವೃತ್ತಿ. ಅದೇ ದುಡ್ಡಿನಲ್ಲಿ ಈಗ 7 ಓಡುತ್ತಿದೆ. ತಬಲಾ, ವೀಣೆ, ತಂಬೂರಿ ಏನೂ ಜೊತೆಗೆ ಬರುವುದಿಲ್ಲ, ಎಲ್ಲ ನೀವೇ ಹೊಂದಿಸಿಕೊಳ್ಳಬೇಕು. ಸೆಟ್ಟಿಂಗುಗಳದ್ದು ದೊಡ್ಡ ಕಾಡು, ಮೊದಲ ತಿಂಗಳು ದಾರಿ ತಪ್ಪುವುದು ಖಾತ್ರಿ. ಆದರೆ ನನಗೆ ಬೇಕಾದ್ದು ಒಂದೇ ಗುಣ: ತಡ ಎಲ್ಲಿದೆ ಎಂದು ಅಳೆಯಲು ಬಿಡುತ್ತದೆ, ಅಳೆದದ್ದನ್ನು ಸಂಖ್ಯೆಯಾಗಿ ಹಾಕಲು ಜಾಗ ಕೊಡುತ್ತದೆ. ಹೊರಗಿನ ಸಾಧನಕ್ಕೆ ಒಂದು ಪಿಂಗ್ (ಪರೀಕ್ಷೆಯ ಚಿಕ್ಕ ಸದ್ದು) ಕಳಿಸಿ ಹೋಗಿ ಬರುವ ಹೊತ್ತನ್ನು ತಾನೇ ಅಳೆಯುವ ರಿಯಾಇನ್ಸರ್ಟ್ ಎಂಬ ಪ್ಲಗಿನ್ ಜೊತೆಗೇ ಬರುತ್ತದೆ. ನಾಲ್ಕೂವರೆ ಸ್ಟಾರ್.

ಒಂದು ಮಾತ್ರ ಇನ್ನೂ ಬಗೆಹರಿದಿಲ್ಲ. ತಾನೇ ತಾಳ ನುಡಿಸುವ ಹಳೆಯ ರಿದಮ್ ಬಾಕ್ಸ್ ಒಂದಿದೆ, ಅದನ್ನು ಮಿಡಿ ಕ್ಲಾಕ್‌ನಲ್ಲಿ ರೀಪರ್ ಜೊತೆ ಓಡಿಸಬೇಕೆಂಬುದು ಬಹಳ ದಿನದ ಆಸೆ. ಕ್ಲಾಕ್ ಅಂದರೆ ಬೀಟಿಗೆ 24 ಮಿಡಿತ, 120ರಲ್ಲಿ 21 ಮಿಲಿಸೆಕೆಂಡಿಗೊಂದು. ಕಳಿಸುವುದು ಸರಿಯಾಗಿಯೇ ಹೋಗುತ್ತದೆ. ಆದರೂ ಆ ಡಬ್ಬ ಮೂರನೇ ನಿಮಿಷಕ್ಕೆ ತನ್ನ ದಾರಿ ಹಿಡಿಯುತ್ತದೆ. ಮೇಷ್ಟ್ರು ಕೇಳಿ, "ಅದಕ್ಕೆ ವಯಸ್ಸಾಯ್ತು, ಬಿಡು" ಅಂದರು. ಸದ್ಯಕ್ಕೆ ಎಂಟು ಆವರ್ತ ಆಡಿಯೋ ಆಗಿ ರೆಕಾರ್ಡ್ ಮಾಡಿ, ಕತ್ತರಿಸಿ ಜೋಡಿಸುತ್ತಿದ್ದೇನೆ.