ಮುಂದಿನ ಗೇರ್ ಬಿಚ್ಚಿಡುವ ಮೊದಲು ಇದನ್ನೊಮ್ಮೆ ಓದಿ

ನಾನು ಬಿದ್ದದ್ದು ಕಡಿದಾದ ಇಳಿಜಾರಿನಲ್ಲಲ್ಲ. ಕಲ್ಲುಹಾದಿ ಇಳಿದು ಮುಗಿದಿತ್ತು. ಮುಂದಿನ ಪುಟ್ಟ ಏರು ಹತ್ತಲೆಂದು ಸೀಟಿನಿಂದೆದ್ದು ಮೈಭಾರವನ್ನೆಲ್ಲ ಪೆಡಲ್ ಮೇಲೆ ಹಾಕಿದೆ. ಚೈನ್ ಜಾಗದಲ್ಲಿರಲಿಲ್ಲ. ಕಾಲು ತಡೆಯೇ ಇಲ್ಲದೆ ಕೆಳಕ್ಕೆ ಹೋಯಿತು, ಎದೆ ಹ್ಯಾಂಡಲ್‌ಗೆ ಬಡಿಯಿತು, ಎಡ ಹೆಗಲು ನೆಲಕ್ಕೆ ಅಪ್ಪಳಿಸಿತು. ಕಾಲರ್ ಬೋನ್ ಮುರಿದು ಆರು ವಾರ ಕೈಯನ್ನು ಕೊರಳಿಗೆ ಕಟ್ಟಿಕೊಂಡೇ ಇದ್ದೆ. ಮುಂದಿನ ಹಲ್ಲುಚಕ್ರಗಳನ್ನು ಬಿಚ್ಚಿ ಮೌಂಟನ್ ಬೈಕಿನ, ಅಂದರೆ ಗುಡ್ಡಗಾಡು ಸೈಕಲ್ಲಿನ, ಗೇರ್ ಸರಳ ಮಾಡಲು ಹೊರಟಿರುವ ಯಾರಿಗೂ ಹೀಗಾಗಬಾರದು, ಅದಕ್ಕೇ ಬರೆಯುತ್ತಿದ್ದೇನೆ.

ನನ್ನದು ಹಳೆಯ ಮೂರು ಚೈನ್‌ರಿಂಗ್‌ಗಳ (ಪೆಡಲ್ ಬಳಿಯ ಹಲ್ಲುಚಕ್ರಗಳ) ಬೈಕು. ಮುಂದೆ 42, 32, 22 ಹಲ್ಲು. ಹಿಂದೆ 11ರಿಂದ 34ರವರೆಗಿನ ಒಂಬತ್ತು ಗೇರು. ಲೆಕ್ಕಕ್ಕೆ 27 ಗೇರು. ಆದರೆ ಅವುಗಳಲ್ಲಿ ಎಷ್ಟೋ ಒಂದರಂತೆಯೇ ಇನ್ನೊಂದು. ನಾನು ಹೆಚ್ಚು ಹೊತ್ತು ಓಡಿಸುತ್ತಿದ್ದದ್ದು ನಡುವಿನ 32ರಲ್ಲೇ. ಚೈನನ್ನು ಒಂದು ರಿಂಗಿನಿಂದ ಇನ್ನೊಂದಕ್ಕೆ ತಳ್ಳುವ ಮುಂದಿನ ಡಿರೈಲರ್‌ಗೆ ಕೆಸರು ಮೆತ್ತಿಕೊಂಡು ಗೇರ್ ಬೀಳುತ್ತಿರಲಿಲ್ಲ. ಗೆಳೆಯನೊಬ್ಬ "ಎರಡು ರಿಂಗ್ ಬಿಚ್ಚಿ ಬಿಸಾಡು, ಹೊಸ ಬೈಕುಗಳೆಲ್ಲ ಒಂದರಲ್ಲೇ ಓಡ್ತಿವೆ" ಎಂದ. ಅವನು ಹೇಳಿದ್ದು ಸುಳ್ಳಲ್ಲ. 2012ರಲ್ಲಿ ಸ್ರ್ಯಾಮ್ ಕಂಪನಿಯ ಎಕ್ಸ್‌ಎಕ್ಸ್1 ಗೇರ್ ಜೋಡಣೆ ಬಂದ ಮೇಲೆ ಮುಂದೆ ಒಂದೇ ರಿಂಗ್ ಇಡುವುದು ಮೌಂಟನ್ ಬೈಕುಗಳಲ್ಲಿ ಹಬ್ಬಿತು. ಆದರೆ ಅದರ ರಿಂಗ್, ಹಿಂದಿನ ಡಿರೈಲರ್, ಕ್ಯಾಸೆಟ್ (ಹಿಂದಿನ ಗೇರುಗಳ ಗೊಂಚಲು) ಎಲ್ಲವನ್ನೂ ಒಂದೇ ರಿಂಗಿಗೆಂದೇ ಮಾಡಿದ್ದರು. ನಾನು ಮಾಡಿದ್ದು ಬರೀ ಬಿಚ್ಚುವ ಕೆಲಸ.

ದೊಡ್ಡ ರಿಂಗ್, ಚಿಕ್ಕ ರಿಂಗ್, ಮುಂದಿನ ಡಿರೈಲರ್, ಕೇಬಲ್, ಎಡಗೈ ಶಿಫ್ಟರ್ ಎಲ್ಲ ಒಂದು ಮಧ್ಯಾಹ್ನದಲ್ಲಿ ಹೊರಬಂದವು. ಚೈನ್ ಉದ್ದವಾಯಿತೆಂದು ನಾಲ್ಕು ಕೊಂಡಿ ಕತ್ತರಿಸಿದೆ. ದೊಡ್ಡ ರಿಂಗನ್ನೂ ನಡುವಿನದನ್ನೂ ಸೇರಿಸಿ ಹಿಡಿಯುತ್ತಿದ್ದ ಬೋಲ್ಟುಗಳು ಈಗ ಒಂದೇ ರಿಂಗಿಗೆ ಉದ್ದವಾದವು. ಬಿಗಿಯಾದಂತೆ ಕಂಡರೂ ರಿಂಗ್ ಅಲುಗಾಡುತ್ತಿತ್ತು. ಗಿಡ್ಡ ಬೋಲ್ಟ್ ತಂದು ಹಾಕಿ ಅದನ್ನೇನೋ ಸರಿಮಾಡಿಕೊಂಡೆ.

ಮೊದಲ ದೊಡ್ಡ ಏರಿನಲ್ಲೇ ಮೊಣಕಾಲು ದೂರು ಹೇಳಿತು. ಮುಂದೆ 22, ಹಿಂದೆ 34 ಇದ್ದಾಗ ಪೆಡಲ್ ಒಂದು ಸುತ್ತಿಗೆ ಚಕ್ರ ಸುಮಾರು 0.65 ಸುತ್ತು ತಿರುಗುತ್ತದೆ. ಮುಂದೆ 32 ಆದರೆ 0.94. ಅಂದರೆ ಅತಿ ಹಗುರ ಗೇರೇ ಹೆಚ್ಚುಕಡಿಮೆ ಒಂದೂವರೆ ಪಟ್ಟು ಭಾರ. ಕಾಗದದ ಮೇಲೆ ಎರಡು ನಿಮಿಷದ ಭಾಗಾಕಾರ. ಅದನ್ನು ನಾನು ಮೊದಲೇ ಮಾಡಲಿಲ್ಲ.

ಪರಿಹಾರವೆಂದು 11ರಿಂದ 42 ಹಲ್ಲಿನ ಕ್ಯಾಸೆಟ್ ಹಾಕಿದೆ. ಆಗ 0.76ಕ್ಕೆ ಇಳಿಯಿತು. ಆದರೆ ನನ್ನ ಹಿಂದಿನ ಡಿರೈಲರ್ 34ಕ್ಕೆಂದು ಮಾಡಿದ್ದು. ಅದರ ಮೇಲಿನ ಪುಟ್ಟ ರಾಟೆ 42ರ ಹಲ್ಲಿಗೆ ಉಜ್ಜುತ್ತಿತ್ತು. ರಾಟೆಗೂ ಗೇರಿಗೂ ನಡುವಿನ ಅಂತರ ಹೊಂದಿಸುವ ಬಿ-ಸ್ಕ್ರೂ ಕೊನೆಯವರೆಗೆ ತಿರುಗಿಸಿದರೆ ಉಜ್ಜುವುದು ನಿಂತಿತು, ಚಿಕ್ಕ ಗೇರುಗಳು ಸರಿಯಾಗಿ ಬೀಳದಾದವು. ಜೊತೆಗೆ ನಾನು ಚೈನ್ ಕತ್ತರಿಸಿದ್ದು 34ರ ಲೆಕ್ಕಕ್ಕೆ. 42ಕ್ಕೆ ಏರಿಸಿದ ಕೂಡಲೇ ಚೈನ್ ತಂತಿಯಂತೆ ಬಿಗಿದು, ಡಿರೈಲರ್ ಮುಂದಕ್ಕೆ ಜಗ್ಗಿ, ಅದನ್ನು ಹಿಡಿದಿದ್ದ ಹ್ಯಾಂಗರ್ ಬಾಗಿತು. ನಿಧಾನವಾಗಿ ಹತ್ತುತ್ತಿದ್ದೆ, ಅಷ್ಟಕ್ಕೇ ಮುಗಿಯಿತು. ಕ್ಯಾಸೆಟ್ ಬದಲಿಸುವವರು ಚೈನನ್ನು ಡಿರೈಲರ್‌ಗೆ ಹಾಕದೆ ಮುಂದಿನ ರಿಂಗ್ ಮತ್ತು ಹಿಂದಿನ ಅತಿ ದೊಡ್ಡ ಗೇರಿನ ಮೇಲೆ ಸುತ್ತಿ, ಅದರ ಮೇಲೆ ಎರಡು ಕೊಂಡಿ ಹೆಚ್ಚಿಗೆ ಬಿಟ್ಟು ಕತ್ತರಿಸಿ. ಹಿಂದಿನ ಸಸ್ಪೆನ್ಷನ್ ಇರುವ ಬೈಕಾದರೆ ಸಸ್ಪೆನ್ಷನ್ ಒತ್ತಿಹಿಡಿದು, ಹಿಂದಿನ ಚಕ್ರ ಅತಿ ದೂರ ಹೋಗುವ ಸ್ಥಿತಿಯಲ್ಲಿ ಅಳೆಯಬೇಕು.

ಹೊಸ ಹ್ಯಾಂಗರ್, ಡಿರೈಲರನ್ನು ಕೆಳಗಿಳಿಸುವ ಒಂದು ಜೋಡುತುಂಡು, ಸರಿಯಾದ ಉದ್ದದ ಚೈನ್ ಹಾಕಿದ ಮೇಲೆ ಬೈಕು ಸದ್ದಿಲ್ಲದೆ ಓಡಿತು. ಮಣ್ಣುರಸ್ತೆಯಲ್ಲಿ ಮೂರು ವಾರ ಒಮ್ಮೆಯೂ ಚೈನ್ ಬೀಳಲಿಲ್ಲ. ನನ್ನನ್ನು ಕೆಡಿಸಿದ್ದು ಆ ಮೂರು ವಾರ.

ನಿಜವಾದ ಅಪಾಯ ಉಳಿದುಕೊಂಡಿದ್ದು ಆ ನಡುವಿನ ರಿಂಗಿನಲ್ಲಿ. ಮೂರರ ನಡುವೆ ಕೂರುವ ರಿಂಗನ್ನು ಚೈನ್ ಸಲೀಸಾಗಿ ಬಿಟ್ಟುಕೊಡಲೆಂದೇ ಮಾಡಿರುತ್ತಾರೆ. ಕೆಲವು ಹಲ್ಲು ಗಿಡ್ಡ, ಪಕ್ಕದಲ್ಲಿ ಚೈನನ್ನು ಎತ್ತುವ ಸಣ್ಣ ಪಿನ್ನುಗಳು, ಜಾರುಗಟ್ಟೆಯಂತೆ ಕೆತ್ತಿದ ಬದಿಗಳು. ಅಂಥ ರಿಂಗಿನ ಮೇಲೆ ಚೈನ್ ನಿಲ್ಲುತ್ತಿದ್ದದ್ದು ಮುಂದಿನ ಡಿರೈಲರಿನ ಪಂಜರ ಎರಡೂ ಬದಿಯಿಂದ ಕಾಯುತ್ತಿದ್ದರಿಂದ, ಅತ್ತ ದೊಡ್ಡ ರಿಂಗ್ ಗೋಡೆಯಂತೆ ನಿಂತಿದ್ದರಿಂದ. ನಾನು ಕಾವಲು ತೆಗೆದೆ, ಜಾರುವ ಹಲ್ಲನ್ನು ಉಳಿಸಿಕೊಂಡೆ. ಕಲ್ಲಿನ ಮೇಲೆ ಬೈಕು ಕುಣಿದಾಗ ಹಳೆಯ ಡಿರೈಲರಿನ ಸ್ಪ್ರಿಂಗ್ ಚೈನನ್ನು ಹಿಡಿದಿಡಲಾರದು. ಚೈನ್ ಚಾಟಿಯಂತೆ ಬೀಸುತ್ತದೆ. ಹಿಂದೆ ದೊಡ್ಡ ಗೇರಿನಲ್ಲಿದ್ದರೆ ಅದು ಮೊದಲೇ ಒಳಕ್ಕೆ ಓರೆಯಾಗಿರುತ್ತದೆ. ನಾನು ಬಿದ್ದ ದಿನ ನನ್ನ ಚೈನ್ ಹಾಗೇ ಒಳಗೆ ಬಿದ್ದು ಚೌಕಟ್ಟಿಗೆ ಸಿಕ್ಕಿಕೊಂಡಿತ್ತು. ಪೆಡಲ್ ತುಳಿಯದೆ ಇಳಿಯುತ್ತಿದ್ದರಿಂದ ನನಗೆ ಗೊತ್ತೇ ಆಗಲಿಲ್ಲ.

ಒಂಟಿ ರಿಂಗಿಗೆಂದೇ ನ್ಯಾರೋ-ವೈಡ್ ರಿಂಗ್ ಎಂಬುದಿದೆ. ಚೈನಿನಲ್ಲಿ ಒಂದು ಕೊಂಡಿಯ ಒಳಜಾಗ ಅಗಲ, ಮುಂದಿನದು ಕಿರಿದು; ಅದಕ್ಕೆ ಸರಿಹೊಂದುವಂತೆ ಒಂದು ಹಲ್ಲು ದಪ್ಪ, ಮುಂದಿನದು ತೆಳ್ಳಗೆ. ಚೈನ್ ಕೂರಿಸುವಾಗ ದಪ್ಪ ಹಲ್ಲು ಅಗಲ ಕೊಂಡಿಗೇ ಬರಬೇಕು. ಇದರ ಜೊತೆ ಕ್ಲಚ್ ಇರುವ ಹಿಂದಿನ ಡಿರೈಲರ್ ಬೇಕು. ಅದರ ತೋಳು ಸುಲಭಕ್ಕೆ ಮುಂದಕ್ಕೆ ಓಲಾಡದ್ದರಿಂದ ಚೈನಿನ ಕುಣಿತ ತಗ್ಗುತ್ತದೆ. ಈಗ ನನ್ನ ಬೈಕಿನಲ್ಲಿ ಇವೆರಡೂ ಇವೆ, ಡಿರೈಲರ್ 42ಕ್ಕೆ ಹೊಂದುವಂಥದ್ದೇ. ರಿಂಗಿನ ಮೇಲ್ಭಾಗದಲ್ಲಿ ಚೈನ್ ಜಾರದಂತೆ ಕಾಯುವ ಒಂದು ಪುಟ್ಟ ಚೈನ್ ಗೈಡ್ ಕೂಡ ಹಾಕಿದ್ದೇನೆ. 32ಕ್ಕಿಂತ ಚಿಕ್ಕ ರಿಂಗ್ ಬೇಕಿತ್ತು, ಆದರೆ ರಿಂಗ್ ಹಿಡಿಯುವ ಬೋಲ್ಟುಗಳ ವೃತ್ತ 104 ಮಿ.ಮೀ. ಅಗಲವಿರುವ ಕ್ರ್ಯಾಂಕಿಗೆ (ಪೆಡಲ್ ತೋಳಿಗೆ) ಸಾಮಾನ್ಯವಾಗಿ 32ಕ್ಕಿಂತ ಚಿಕ್ಕದು ಹೊಂದುವುದಿಲ್ಲ. ಕೊಳ್ಳುವ ಮೊದಲು ನಿಮ್ಮ ಕ್ರ್ಯಾಂಕ್ ಅಳೆದುಕೊಳ್ಳಿ.

ಈಗಾಗಲೇ ನನ್ನಂತೆ ಬಿಚ್ಚಿ ಓಡಿಸುತ್ತಿರುವವರು ಇವತ್ತೇ ನೋಡಿ. ರಿಂಗಿನ ಹಲ್ಲುಗಳು ಒಂದು ದಪ್ಪ ಒಂದು ತೆಳ್ಳಗೆ ಇವೆಯೋ, ಎಲ್ಲ ಒಂದೇ ದಪ್ಪ ಇದ್ದು ಪಕ್ಕದಲ್ಲಿ ಪಿನ್ನುಗಳಿವೆಯೋ? ಪಿನ್ನು ಕಂಡರೆ ರಿಂಗ್ ಬದಲಾಯಿಸುವವರೆಗೆ ಕಲ್ಲುಹಾದಿಗೆ ಇಳಿಯಬೇಡಿ. ಇಳಿಜಾರು ಮುಗಿದ ಮೇಲೆ ಸೀಟಿನಿಂದೇಳುವ ಮುನ್ನ ಕೂತೇ ಅರ್ಧ ಸುತ್ತು ಪೆಡಲ್ ತುಳಿದು, ಚೈನ್ ಹಿಡಿಯಿತೇ ಎಂದು ಕಾಲಿಗೆ ಗೊತ್ತುಮಾಡಿಕೊಳ್ಳಿ.