ಮೂರು ನಾಬ್‌ಗಳ ಎಸಿ, ಒಂದೇ ಅಂಕಿಯ ಎಸಿ: ಎರಡರಲ್ಲೂ ನಾಲ್ಕು ತಿಂಗಳು ಓಡಾಡಿ ನೋಡಿದ್ದು

ನನ್ನದೂ ಅಕ್ಕನದೂ ಒಂದೇ ಮಾದರಿಯ ಕಾರು. ನನ್ನದು ಕೆಳಗಿನ ವೇರಿಯಂಟ್. ಅದರ ಎಸಿಗೆ ಮೂರು ನಾಬ್: ಗಾಳಿಯ ವೇಗಕ್ಕೊಂದು, ತಂಪು-ಬಿಸಿಗೊಂದು, ಗಾಳಿ ಮುಖಕ್ಕೆ ಬರಬೇಕೋ ಕಾಲಿಗೋ ಗಾಜಿಗೋ ಎನ್ನುವುದಕ್ಕೊಂದು. ಅಕ್ಕನ ಮೇಲಿನ ವೇರಿಯಂಟ್‌ನಲ್ಲಿ 24 ಡಿಗ್ರಿ ಅಂತ ಇಟ್ಟು 'ಆಟೊ' ಒತ್ತಿದರೆ ಮುಗಿಯಿತು, ಉಳಿದದ್ದನ್ನು ಕಾರೇ ನೋಡಿಕೊಳ್ಳುತ್ತದೆ. ಕಡು ಬೇಸಿಗೆಯಿಂದ ಮಳೆ ಹಿಡಿಯುವವರೆಗೆ ನಾಲ್ಕು ತಿಂಗಳು ನಾವಿಬ್ಬರೂ ವಾರಕ್ಕೊಮ್ಮೆ ಕಾರು ಬದಲಾಯಿಸಿಕೊಂಡು ಓಡಿಸಿದೆವು.

ಯಾವುದು ಹೆಚ್ಚು ತಂಪು ಎಂದು ತಿಳಿಯುವುದಕ್ಕಲ್ಲ. ಎರಡಕ್ಕೂ ಕಂಪ್ರೆಸರ್ ಒಂದೇ, ತಾಕತ್ತೂ ಒಂದೇ. ಎರಡು ತಾಸು ಕೂತು ಇಳಿದಾಗ ಮೈ ಹೇಗಿರುತ್ತದೆ ಎನ್ನುವುದು ನನಗೆ ಬೇಕಿತ್ತು. ತಣ್ಣನೆಯ ಗಾಳಿ ನೇರವಾಗಿ ಮುಖಕ್ಕೆ ಬಡಿಯುತ್ತಿದ್ದರೆ ಅರ್ಧ ಗಂಟೆಯಲ್ಲಿ ನನಗೆ ತಲೆ ಹಿಡಿದುಕೊಳ್ಳುತ್ತದೆ, ಹಾಗಾಗಿ ಇದು ನನಗೆ ಸಣ್ಣ ವಿಷಯವಲ್ಲ. ತಲೆಯ ಎತ್ತರಕ್ಕೊಂದು, ಪಾದದ ಹತ್ತಿರ ಒಂದು ಚಿಕ್ಕ ಥರ್ಮಾಮೀಟರ್ ಕಟ್ಟಿಕೊಂಡೆ. ನನ್ನ ಕೈ ಎಷ್ಟು ಸಲ ಎಸಿ ಕಡೆಗೆ ಹೋಗುತ್ತದೆ ಎಂದು ಎಣಿಸುವ ಕೆಲಸವನ್ನು ಪಕ್ಕದ ಸೀಟಿನವರಿಗೆ ಒಪ್ಪಿಸಿದೆ.

ನನಗೇ ಇದ್ದ ಒಂದು ತಪ್ಪು ತಿಳಿವಳಿಕೆಯನ್ನು ಮೊದಲು ಹೇಳಿಬಿಡುತ್ತೇನೆ. ಮ್ಯಾನುವಲ್ ಎಸಿಯ ತಂಪು-ಬಿಸಿ ನಾಬ್‌ಗೂ ಒಳಗಿನ ಉಷ್ಣಾಂಶಕ್ಕೂ ನೇರ ಸಂಬಂಧವಿದೆ ಎಂದುಕೊಂಡಿದ್ದೆ. ಹಾಗಿಲ್ಲ. ಡ್ಯಾಶ್‌ಬೋರ್ಡಿನ ಒಳಗೆ ಒಂದು ಚಿಕ್ಕ ಕದವಿದೆ. ಇವಾಪೊರೇಟರ್‌ನಲ್ಲಿ (ಗಾಳಿಯನ್ನು ತಣಿಸುವ ಭಾಗ) ತಣಿದ ಗಾಳಿಯಲ್ಲಿ ಎಷ್ಟು ಪಾಲು ಹೀಟರ್ ಮೂಲಕ ಹಾದು ಬರಬೇಕು ಎನ್ನುವುದು ಆ ಕದ ನಿಂತ ಜಾಗದ ಮೇಲೆ ಹೋಗುತ್ತದೆ. ನಾಬ್ ತಿರುಗಿಸಿದರೆ ಕದ ಸರಿಯುತ್ತದೆ, ಅಷ್ಟೆ. ಒಳಗೆ 22 ಡಿಗ್ರಿ ಇದೆಯೋ 32 ಇದೆಯೋ ಅದಕ್ಕೆ ಗೊತ್ತಿಲ್ಲ, ಗೊತ್ತಾಗಬೇಕಾದದ್ದು ನಮ್ಮ ಚರ್ಮಕ್ಕೆ. ಆಟೊದಲ್ಲೂ ಅದೇ ಕದ. ಆದರೆ ಅದನ್ನು ಪುಟ್ಟ ಮೋಟರ್ ಸರಿಸುತ್ತದೆ, ಮೋಟರಿಗೆ ಸುದ್ದಿ ಕೊಡುವುದು ಸೆನ್ಸರ್‌ಗಳು. ಸ್ಟಿಯರಿಂಗ್ ಪಕ್ಕದ ಸಣ್ಣ ಸೀಳುಗಳ ಹಿಂದೆ ಒಳಗಾಳಿಯದು, ಮುಂದಿನ ಬಂಪರ್ ಹಿಂದೆ ಹೊರಗಾಳಿಯದು, ಗಾಜಿನ ಬುಡದಲ್ಲಿ ಕರಿ ಗುಂಡಿಯಂತೆ ಕಾಣುವುದು ಬಿಸಿಲಿನದು. ಒಳಗಾಳಿಯ ಸೀಳಿನ ಮುಂದೆ ಟಿಶ್ಯೂ ಕಾಗದದ ಚೂರು ಹಿಡಿದೆ, ಅಲ್ಲೇ ಅಂಟಿಕೊಂಡಿತು. ಸೆನ್ಸರ್‌ಗೆ ತಾಜಾ ಗಾಳಿ ತಾಗುತ್ತಿರಲೆಂದು ಒಳಗೊಂದು ಪುಟಾಣಿ ಫ್ಯಾನ್ ಎಳೆಯುತ್ತಿರುತ್ತದೆ.

ಇದೇನು ಇತ್ತೀಚಿನ ಆವಿಷ್ಕಾರವಲ್ಲ. 1940ರ ಮಾದರಿಯ ಅಮೆರಿಕದ ಪ್ಯಾಕರ್ಡ್ ಕಾರುಗಳಿಗೆ ಕಂಪನಿಯೇ ಎಸಿ ಕೊಟ್ಟಾಗ ಕಂಪ್ರೆಸರ್‌ಗೆ ಅದನ್ನು ಎಂಜಿನ್‌ನಿಂದ ಬಿಡಿಸುವ ಕ್ಲಚ್ ಕೂಡ ಇರಲಿಲ್ಲ. ಎಸಿ ಬೇಡವೆಂದರೆ ಎಂಜಿನ್ ನಿಲ್ಲಿಸಿ, ಬಾನೆಟ್ ಎತ್ತಿ ಬೆಲ್ಟ್ ಬಿಚ್ಚಬೇಕಿತ್ತು. 1964ರ ಮಾದರಿಗೆ ಕ್ಯಾಡಿಲಾಕ್ 'ಕಂಫರ್ಟ್ ಕಂಟ್ರೋಲ್' ಎಂಬ ಹೆಸರಿನಲ್ಲಿ ಅಂಕಿ ಇಟ್ಟು ಮರೆತುಬಿಡುವ ಎಸಿ ತಂದಿತು. ಅಕ್ಕನ ಕಾರಿನಲ್ಲಿರುವುದು ಅದರ ವಂಶದ್ದೇ.

ಮೊದಲ ಹತ್ತು ನಿಮಿಷ. ಬಿಸಿಲಲ್ಲಿ ನಿಂತು ಕಾದ ಕಾರು, ಸ್ಟಿಯರಿಂಗ್ ಮುಟ್ಟಿದರೆ ಕೈ ಚುರ್ ಎನ್ನುತ್ತದೆ. ಇಲ್ಲಿ ನನ್ನ ನಾಬ್‌ಗಳೇ ಮೇಲು. ನಾಲ್ಕೂ ಗಾಜು ಇಳಿಸಿ, ಗಾಳಿ ಬೀಸುವ ಬ್ಲೋವರ್ ಪೂರ್ತಿ ಏರಿಸಿ, ಹೊರಗಿನ ಗಾಳಿ ಎಳೆಯುವ ಹೊರಗಾಳಿಗೆ ಬಿಟ್ಟು ಸ್ವಲ್ಪ ದೂರ ಓಡಿಸುತ್ತೇನೆ. ಕಾದ ಗಾಳಿ ಹೊರಗೆ ಹೋದ ಮೇಲೆ ಗಾಜು ಏರಿಸಿ, ಒಳಗಿನ ಗಾಳಿಯನ್ನೇ ತಿರುಗಿಸುವ ಒಳಗಾಳಿಗೆ ಹಾಕುತ್ತೇನೆ. ಆಟೊಗೆ ಗಾಜು ಇಳಿದಿದೆ ಎಂಬ ಸುದ್ದಿ ಇಲ್ಲ. ಅದು ಇವಾಪೊರೇಟರ್ ತಣಿಯಲಿ ಎಂದು ಮೊದಲ ಕೆಲವು ಕ್ಷಣ ಬ್ಲೋವರ್ ತಗ್ಗಿಸಿಟ್ಟು, ಆಮೇಲೆ ಒಮ್ಮೆಲೇ ಅಬ್ಬರಿಸಿ, ಮೊದಲಿನಿಂದಲೇ ಒಳಗಿನ ಕಾದ ಗಾಳಿಯನ್ನೇ ತಿರುಗಿಸಿ ತಣಿಸಲು ಕೂರುತ್ತದೆ. ಅಕ್ಕನ ಕಾರಿನಲ್ಲೂ ಗಾಜು ಇಳಿಸಿ ಓಡಿಸಿದ ದಿನ ಎರಡು ಕಾರುಗಳ ಅಂತರ ಹೆಚ್ಚುಕಡಿಮೆ ಅಳಿಸಿಹೋಯಿತು.

ಅಕ್ಕ ಬಿಸಿಲಲ್ಲಿ ಹತ್ತಿದ ಕೂಡಲೇ 18 ಇಡುತ್ತಿದ್ದಳು, ಬೇಗ ತಣ್ಣಗಾಗಲಿ ಅಂತ. ಒಂದು ದಿನ 18, ಮರುದಿನ ಅದೇ ಹೊತ್ತಿಗೆ 24 ಇಟ್ಟು ನೋಡಿದೆವು. ತಲೆಯೆತ್ತರದ ಥರ್ಮಾಮೀಟರ್ 30ಕ್ಕೆ ಇಳಿಯುವವರೆಗೆ ಎರಡು ದಿನಕ್ಕೂ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಕಾರಣ ಸರಳ: ಒಳಗಿನ ಸೆಖೆ ಇಟ್ಟ ಅಂಕಿಗಿಂತ ತುಂಬಾ ಮೇಲಿರುವಾಗ 18 ಇದ್ದರೂ 24 ಇದ್ದರೂ ಅದು ಪೂರ್ತಿ ಬಲದಲ್ಲೇ ಓಡುತ್ತಿರುತ್ತದೆ. ವ್ಯತ್ಯಾಸ ಕಂಡದ್ದು ಆಮೇಲೆ. 18ರ ದಿನ ಕಾಲು ಗಂಟೆ ಕಳೆಯುವಷ್ಟರಲ್ಲಿ ಇಬ್ಬರಿಗೂ ಮೊಣಕೈ ತಣ್ಣಗಾಗಿ, ಅಕ್ಕ 27ಕ್ಕೆ ಏರಿಸಿ, ಸೆಖೆ ಎನಿಸಿ ಮತ್ತೆ ಇಳಿಸಿ, ಹೀಗೆ ಆಟೊವನ್ನೂ ಮ್ಯಾನುವಲ್‌ನಂತೆ ಓಡಿಸುತ್ತಿದ್ದಳು. "ಅಕ್ಕಾ, ಒಂದು ವಾರ ಅದನ್ನ ಮುಟ್ಟಬೇಡ" ಅಂದೆ. "ಮತ್ತೆ ಸೆಖೆ ಆದ್ರೆ ನೀನೇ ಬೀಸಣಿಗೆ ಹಿಡ್ಕೊಂಡು ಕೂತ್ಕೋ" ಅಂದಳು. ಆದರೆ ಮುಟ್ಟಲಿಲ್ಲ.

ಆ ವಾರದ ದೂರದ ಪ್ರಯಾಣದಲ್ಲೇ ನನಗೆ ಆಟೊ ಏನು ಮಾಡುತ್ತದೆ ಎಂದು ಮೈಗೆ ತಿಳಿದದ್ದು. ಎರಡು ತಾಸಿನ ದಾರಿ, ಮಧ್ಯಾಹ್ನದ ನಂತರ, ಬಿಸಿಲು ಮೋಡ ಎರಡೂ ಇದ್ದ ದಿನ. ಹಿಂದಿನ ವಾರ ಅದೇ ದಾರಿಯಲ್ಲಿ ನನ್ನ ಕಾರಿನಲ್ಲಿ ಕೈ 19 ಸಲ ನಾಬ್‌ಗಳ ಕಡೆಗೆ ಹೋಗಿತ್ತು. ಮೋಡ ಮುಚ್ಚಿದರೆ ಚಳಿ, ಮೋಡ ಸರಿದರೆ ತೊಡೆಯ ಮೇಲೆ ಬಿಸಿಲು. ಸಿಗ್ನಲ್‌ನಲ್ಲಿ ನಿಂತರೆ ಎಂಜಿನ್ ನಿಧಾನವಾಗಿ, ಅದರೊಟ್ಟಿಗೆ ಕಂಪ್ರೆಸರ್ ಕೂಡ ನಿಧಾನವಾಗಿ, ವೆಂಟಿನ ಗಾಳಿ ಸಪ್ಪೆಯಾಗುತ್ತದೆ. ಹೊರಟು ವೇಗ ಹಿಡಿದರೆ ಅದೇ ಗಾಳಿ ಐಸ್‌ನಂತೆ ಕೊರೆಯುತ್ತದೆ. ನಾನು ಯಾವಾಗಲೂ ಒಂದು ಹೆಜ್ಜೆ ಹಿಂದೆ: ಚಳಿಯಾದ ಮೇಲೆ ತಗ್ಗಿಸುವುದು, ಬೆವರಿದ ಮೇಲೆ ಏರಿಸುವುದು. ಅಕ್ಕನ ಕಾರಿನಲ್ಲಿ ಅದೇ ದಾರಿಗೆ ಕೈ ಹೋದದ್ದು ಮೂರು ಸಲ. ಥರ್ಮಾಮೀಟರ್ ನೋಡಿದರೆ ಎರಡೂ ಕಾರುಗಳ ಸರಾಸರಿಯಲ್ಲಿ ದೊಡ್ಡ ಅಂತರವಿಲ್ಲ. ನನ್ನದು ಮೇಲೆ ಕೆಳಗೆ ಓಡಾಡಿ ಆ ಸರಾಸರಿಗೆ ಬಂದಿತ್ತು, ಅಕ್ಕನದು ಅಲ್ಲೇ ಕೂತಿತ್ತು. ಇಳಿದಾಗ ತಲೆ ಹಗುರವಾಗಿತ್ತು.

ಬಿಸಿಲಿನ ಸೆನ್ಸರ್ ಬಗ್ಗೆ ನನಗೆ ಅನುಮಾನವಿತ್ತು, ಹೆಸರಿಗೆ ಇಟ್ಟಿರಬಹುದು ಅಂತ. ಒಂದು ದಪ್ಪ ಬಟ್ಟೆಯನ್ನು ಡ್ಯಾಶ್‌ಬೋರ್ಡ್ ಮೇಲೆ ಹಾಸಿ ಅದನ್ನು ಮುಚ್ಚಿ ಓಡಿಸಿದೆ. ಅಂಕಿ 24ರಲ್ಲೇ ಇದೆ, ತಲೆಯ ಹತ್ತಿರವೂ 24 ತೋರಿಸುತ್ತಿದೆ, ಆದರೂ ಎದೆ, ತೋಳು ಕಾಯುತ್ತಿವೆ. ಬಟ್ಟೆ ತೆಗೆದ ಸ್ವಲ್ಪ ಹೊತ್ತಿಗೆ ಬ್ಲೋವರ್ ಸದ್ದು ಏರಿತು. ಅಂದರೆ ಬಿಸಿಲು ಮೈಮೇಲೆ ಬಿದ್ದಾಗ ಗಾಳಿ ಇನ್ನಷ್ಟು ತಣ್ಣಗೆ, ಇನ್ನಷ್ಟು ಜೋರಾಗಿ ಬೇಕು ಎನ್ನುವುದು ಅದರ ಲೆಕ್ಕದಲ್ಲಿದೆ. ಡೆನ್ಮಾರ್ಕಿನ ಸಂಶೋಧಕ ಪಿ. ಓ. ಫ್ಯಾಂಗರ್ 1970ರ ಹೊತ್ತಿಗೆ ಮೈಗೆ ಹಿತ ಅನಿಸುವುದಕ್ಕೆ ಆರು ಸಂಗತಿ ಲೆಕ್ಕ ಹಾಕಿದ್ದರು: ಗಾಳಿಯ ಉಷ್ಣಾಂಶ, ಸುತ್ತಲಿನ ವಸ್ತುಗಳಿಂದ ಹೊಮ್ಮುವ ಶಾಖ, ಗಾಳಿಯ ವೇಗ, ತೇವ, ತೊಟ್ಟ ಬಟ್ಟೆ, ನಾವು ಮಾಡುತ್ತಿರುವ ಕೆಲಸ. ಪರದೆಯ ಮೇಲಿನ 24 ಇದರಲ್ಲಿ ಒಂದನ್ನು ಮಾತ್ರ ಹೇಳುತ್ತದೆ. ಡ್ಯಾಶ್‌ಬೋರ್ಡ್ ಮೇಲೆ ಬಟ್ಟೆ, ಕಾಗದ, ಆಟಿಕೆ ಹರಡಿಕೊಂಡು 'ಆಟೊ ಸರಿಯಿಲ್ಲ' ಎನ್ನುವವರು ಮೊದಲು ಆ ಕರಿ ಗುಂಡಿಯನ್ನು ಬಿಡಿಸಿ ನೋಡಲಿ.

ಹಾಗಂತ ಒಂದೇ ಅಂಕಿ ಎಲ್ಲ ಹೊತ್ತಿಗೂ ಒದಗುತ್ತದೆ ಎನ್ನಲಾರೆ. ಹಗಲಿಗೆ ಹಿತವಾಗಿದ್ದ 24 ರಾತ್ರಿ ನನಗೆ ಚಳಿ. ಗಾಜು, ಮೇಲ್ಛಾವಣಿ ತಣ್ಣಗಾಗಿರುತ್ತವೆ, ಮೈಗೆ ಎಲ್ಲಿಂದಲೂ ಶಾಖ ತಾಗುವುದಿಲ್ಲ. ರಾತ್ರಿ 26ಕ್ಕೆ ಏರಿಸುತ್ತೇನೆ. ಇನ್ನು ನೆತ್ತಿ ಸುಡುವ ಮಧ್ಯಾಹ್ನ, ಕದಲದ ಟ್ರಾಫಿಕ್ಕಿನಲ್ಲಿ ಆಟೊದ ಜಾಣ್ಮೆಗೆ ಕೆಲಸವೇ ಇಲ್ಲ. ಎರಡೂ ಕಾರುಗಳ ಕದ ಪೂರ್ತಿ ತಂಪಿನ ಕಡೆ, ಬ್ಲೋವರ್ ಪೂರ್ತಿ ಮೇಲೆ. ಹೊಂದಿಸುವುದಕ್ಕೆ ಏನಾದರೂ ಉಳಿದಿದ್ದರೆ ತಾನೇ ಹೊಂದಿಸುವುದು? ಅಂಥ ದಿನಗಳಷ್ಟೇ ಕಂಡವರಿಗೆ ಮೇಲಿನ ವೇರಿಯಂಟ್ ದಂಡ ಅನಿಸಿದರೆ ಅವರದು ತಪ್ಪಲ್ಲ.

ಮಳೆ ಶುರುವಾದ ಮೇಲೆ ನಾನು ಆಟೊ ಕಡೆಗೆ ಇನ್ನೂ ವಾಲಿದೆ. ಮಳೆಯಲ್ಲಿ ಚಳಿ ಎನಿಸಿದರೆ ಹೆಚ್ಚಿನವರು ಎಸಿ ಬಟನ್ ಆರಿಸುತ್ತಾರೆ, ನಾನೂ ವರ್ಷಗಟ್ಟಲೆ ಅದನ್ನೇ ಮಾಡಿದ್ದೇನೆ. ಕಂಪ್ರೆಸರ್ ನಿಂತ ಕೂಡಲೇ ಇವಾಪೊರೇಟರ್ ಮೇಲೆ ಕಟ್ಟಿದ್ದ ನೀರು ಆವಿಯಾಗಿ ಬ್ಲೋವರ್ ಗಾಳಿಯೊಂದಿಗೆ ಒಳಗೇ ಬರುತ್ತದೆ, ಜೊತೆಗೆ ನಮ್ಮ ಉಸಿರಿನ ತೇವ, ನೆಂದ ಬಟ್ಟೆಯ ತೇವ. ಒಂದೆರಡು ನಿಮಿಷಕ್ಕೆ ಮುಂದಿನ ಗಾಜು ಮಸುಕು. ಮಾಡಬೇಕಾದದ್ದು ಎಸಿ ಆರಿಸದೆ ನಾಬನ್ನು ಬಿಸಿ ಕಡೆ ತಿರುಗಿಸುವುದು. ಆಗ ಗಾಳಿ ಮೊದಲು ತಣಿದು ನೀರು ಕಳೆದುಕೊಂಡು, ಆಮೇಲೆ ಬೆಚ್ಚಗಾಗಿ ಬರುತ್ತದೆ. ಮ್ಯಾನುವಲ್‌ನಲ್ಲಿ ಇದು ತಿಳಿದವರಿಗೆ ಮಾತ್ರ ಸಿಗುವ ಸುಖ. ಆಟೊ ಹೇಳದೆಯೇ ಮಾಡಿತು: ಧೋ ಎಂದು ಸುರಿಯುವ ಮಳೆಯಲ್ಲೂ ಒಳಗೆ ಒಣಗಾಳಿ, ಗಾಜು ನಿರ್ಮಲ. ಒಂದು ಸಲ ಮಾತ್ರ ಗಾಜಿನ ಹೊರಮೈಗೆ ಮಂಜು ಕಟ್ಟಿತು. ಹೊರಗೆ ಬೆಚ್ಚನೆಯ ತೇವ, ಒಳಗಿನಿಂದ ತಣ್ಣನೆಯ ಗಾಳಿ ಗಾಜಿಗೆ ತಾಗುತ್ತಿತ್ತು. ಅದಕ್ಕೆ ಎರಡೂ ಕಾರುಗಳಲ್ಲಿ ಮದ್ದು ಒಂದೇ, ವೈಪರ್ ಹಾಕಿ ಒಳಗಿನ ತಂಪು ತಗ್ಗಿಸುವುದು.

ಆಟೊ ಸೋತದ್ದು ಹಿಂದಿನ ಸೀಟಿನಲ್ಲಿ. ಅಮ್ಮ ಹಿಂದೆ ಕೂರುತ್ತಾರೆ, ಏನಾದರೂ ಬಾಯಿಬಿಟ್ಟು ಹೇಳುವವರಲ್ಲ. ಒಂದು ದಿನ ಮುಂದೆ ಕೂತ ನಮ್ಮಿಬ್ಬರಿಗೂ ಬಹಳ ಹಿತವಾಗಿತ್ತು. ಕನ್ನಡಿಯಲ್ಲಿ ನೋಡಿದರೆ ಅಮ್ಮ ಸೆರಗು ಬಿಗಿಯಾಗಿ ಹೊದ್ದು ಮುದುರಿ ಕೂತಿದ್ದಾರೆ. ಸೆನ್ಸರ್ ಇರುವುದು ಸ್ಟಿಯರಿಂಗ್ ಪಕ್ಕ, ಬಿಸಿಲು ಬೀಳುತ್ತಿದ್ದದ್ದು ಮುಂದೆ, ಅದು ನಮಗೋಸ್ಕರ ಗಾಳಿ ಜೋರು ಮಾಡಿತ್ತು. ನಡುವಿನ ವೆಂಟ್‌ಗಳ ತಣ್ಣನೆಯ ಗಾಳಿ ನಮ್ಮಿಬ್ಬರ ನಡುವಿನಿಂದ ಸೀದಾ ಹೋಗಿ ಅಮ್ಮನ ಮೈಗೆ ತಾಗುತ್ತಿತ್ತು. "ಚಳಿ ಆಗ್ತಿದ್ರೆ ಹೇಳಬಾರದಾ ಅಮ್ಮ" ಅಂದರೆ "ಗಾಡಿ ಓಡಿಸೋರಿಗೆ ಸರಿ ಇದ್ರೆ ಸಾಕು ಬಿಡು" ಅಂದರು. ನನಗೆ ಸಂಕಟವಾಯಿತು. ನನ್ನ ಕಾರಿನಲ್ಲಿ ಕೈ ಪದೇಪದೇ ನಾಬ್ ಕಡೆ ಹೋಗುವುದರಿಂದ ಹಿಂದೆ ಕೂತವರನ್ನು ಕೇಳುವ ಅಭ್ಯಾಸ ತಾನಾಗಿ ಇತ್ತು. ಆಟೊದಲ್ಲಿ ಎಲ್ಲವೂ ಸರಿಯಿದೆ ಎಂದುಕೊಂಡು ನಾನು ಕೇಳುವುದನ್ನೇ ಬಿಟ್ಟಿದ್ದೆ. ಎರಡು ವಲಯದ ಎಸಿ ಇರುವ ಕಾರುಗಳಲ್ಲೂ ಸಾಮಾನ್ಯವಾಗಿ ಆ ಎರಡು ವಲಯ ಮುಂದಿನ ಎಡ-ಬಲಕ್ಕೇ ಸೇರಿದ್ದು.

ಒಳಗಾಳಿಯ ವಿಷಯ ಬೇಗ ಹೇಳಿಬಿಡುತ್ತೇನೆ. ಒಳಗಾಳಿಯಲ್ಲೇ ನಾಲ್ಕು ಜನ ಬಹಳ ಹೊತ್ತು ಕೂತರೆ ಇಂಗಾಲದ ಡೈಆಕ್ಸೈಡ್ ಏರುತ್ತಾ ಹೋಗಿ ತೂಕಡಿಕೆ ಬರುತ್ತದೆ. ನನ್ನ ಕಾರಿನಲ್ಲಿ ಆ ಬಟನ್ ನಾನು ಮರೆತರೆ ಮರೆತಂತೆಯೇ. ಅಕ್ಕನದು ಒಳಗೆ ತಣಿದ ಮೇಲೆ ತಾನೇ ಹೊರಗಾಳಿಗೆ ಬದಲಾಗುತ್ತದೆ. ಸದ್ದಿನಲ್ಲೇ ಗೊತ್ತಾಗುತ್ತದೆ.

ಕೈಗೆ ಸಿಗುವ ಲೆಕ್ಕದಲ್ಲಿ ನಾಬ್‌ಗಳಿಗೆ ಸಾಟಿಯಿಲ್ಲ. ಕಣ್ಣು ರಸ್ತೆಯ ಮೇಲಿಟ್ಟೇ ಬೆರಳಿಗೆ ಅದು ಎಲ್ಲಿ ನಿಂತಿದೆ ಎಂದು ತಿಳಿಯುತ್ತದೆ. ಅಕ್ಕನ ಕಾರಿನಲ್ಲಿ ಅಂಕಿಗೆ ತಿರುಗಿಸುವ ನಾಬ್ ಇದೆ, ಪುಣ್ಯ. ಆದರೆ ಗಾಳಿಯ ದಿಕ್ಕು ಬದಲಿಸಲು ಪರದೆ ಮುಟ್ಟಬೇಕು, ಅದಕ್ಕೆ ಕಣ್ಣು ಇಳಿಸಲೇಬೇಕು. ಎಲ್ಲವನ್ನೂ ಪರದೆಗೆ ಹಾಕಿದ ಕಾರಾಗಿದ್ದರೆ ಆಟೊ ಇದ್ದರೂ ನಾನು ಬೇಡ ಎನ್ನುತ್ತಿದ್ದೆ. ಮುಂದೆ ಕೊಳ್ಳುವುದಾದರೆ ನನ್ನ ಆಯ್ಕೆ ಆಟೊ, ಅಂಕಿಗೂ ಬ್ಲೋವರ್‌ಗೂ ಕೈಗೆ ಸಿಗುವ ನಾಬ್ ಇರಬೇಕು. ಊರೊಳಗೆ ಹತ್ತು ನಿಮಿಷದ ಓಡಾಟವಷ್ಟೇ ಇರುವವರಿಗೆ ನನ್ನ ಮೂರು ನಾಬ್ ಧಾರಾಳ ಸಾಕು.

ಕಳೆದ ವಾರ ಕಾರುಗಳನ್ನು ಅವರವರಿಗೆ ಒಪ್ಪಿಸಿದೆವು. ಅಕ್ಕನದನ್ನು ಕೊಡುವಾಗ 25ಕ್ಕೆ ಇಟ್ಟು, ಆಟೊ ದೀಪ ಉರಿಯುತ್ತಿದೆಯೇ ನೋಡಿ, ನಡುವಿನ ಎರಡು ವೆಂಟ್‌ಗಳ ರೆಕ್ಕೆಗಳನ್ನು ಛಾವಣಿಯ ಕಡೆಗೆ ತಿರುಗಿಸಿದೆ. ಗಾಳಿ ಈಗ ಅಮ್ಮನ ತಲೆಯ ಮೇಲಿಂದ ಹೋಗುತ್ತದೆ. "ಇದನ್ನ ಮಾತ್ರ ಅಲ್ಲಾಡಿಸಬೇಡ ಅಕ್ಕಾ" ಅಂದೆ. ಅವಳು ಹಿಂದಿನ ಸೀಟಿಗೆ ಹತ್ತಿ ಕೂತು, ಕೈ ಚಾಚಿ ಗಾಳಿ ಎಲ್ಲಿ ತಾಗುತ್ತದೆ ಎಂದು ತಾನೇ ನೋಡಿಕೊಂಡಳು.