ಶಾಂಘೈನಲ್ಲಿ ಮನೆ ಹಿಡಿಯುವ ಮುಂಚೆ ಇದನ್ನೊಮ್ಮೆ ಓದಿ

ಕೆಲಸದ ಮೇಲೆ ಚೀನಾಕ್ಕೆ ಹೊರಟವರು ಯಾರಾದರೂ ಇದ್ದರೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ವರ್ಷದ ಬಾಡಿಗೆ ಒಟ್ಟಿಗೆ ಕೊಟ್ಟರೆ ಕಡಿಮೆ ಮಾಡುತ್ತೇನೆ ಅಂತ ಯಾರೇ ಹೇಳಿದರೂ ಕೊಡಬೇಡಿ. ನಾನು ಕೊಟ್ಟೆ. 2019ರಲ್ಲಿ ಶಾಂಘೈನಲ್ಲಿ 43,200 ಯುವಾನ್ ಕಳೆದುಕೊಂಡೆ. ಆಗ ಒಂದು ಯುವಾನ್ ಅಂದರೆ ಹೆಚ್ಚುಕಡಿಮೆ ಹತ್ತು ರೂಪಾಯಿ. ಲೆಕ್ಕ ನೀವೇ ಹಾಕಿಕೊಳ್ಳಿ, ನನಗೆ ಈಗಲೂ ಹಾಕಲು ಮನಸ್ಸು ಬರುವುದಿಲ್ಲ.

ಆ ಊರಿನಲ್ಲಿ ಮೋಸ ನಡೆಯೋದೇ ಇಲ್ಲ ಅಂತ ನಾನು ನಂಬಿಬಿಟ್ಟಿದ್ದೆ. ನಂಬದೆ ಏನು ಮಾಡೋದು? ಮೆಟ್ರೋ ಹತ್ತಬೇಕಾದರೆ ಬ್ಯಾಗು ಎಕ್ಸ್‌ರೇ ಯಂತ್ರದೊಳಗೆ ಹೋಗಿ ಬರಬೇಕು. ಎಲ್ಲಿ ನೋಡಿದರೂ ಕ್ಯಾಮೆರಾ. ಡ್ರಮ್ಮಿನಲ್ಲಿ ಗೆಣಸು ಸುಟ್ಟು ಮಾರುವ ಮುದುಕನ ಗಾಡಿಗೂ ಕ್ಯೂಆರ್ ಕೋಡ್ ನೇತುಹಾಕಿರುತ್ತದೆ. ಒಮ್ಮೆ ನೂರರ ನೋಟು ಕೊಡಲು ಹೋದರೆ ಆತ ನನ್ನನ್ನು ಮ್ಯೂಸಿಯಂನಿಂದ ಎದ್ದು ಬಂದವನ ಹಾಗೆ ನೋಡಿದ. ಇಷ್ಟೆಲ್ಲಾ ಕಣ್ಣು ಇರುವ ಕಡೆ ಯಾರು ಏನು ಕದಿಯುತ್ತಾರೆ ಅಲ್ವಾ?

ನಾನು ಹಿಡಿದದ್ದು 15ನೇ ಮಹಡಿಯ ಮನೆ. ಹಾಗಂತ ಲಿಫ್ಟಿನಲ್ಲಿ ಬರೆದಿತ್ತು. ಆದರೆ ಆ ಲಿಫ್ಟಿನಲ್ಲಿ 4, 13, 14 ಗುಂಡಿಗಳೇ ಇಲ್ಲ. ನಾಲ್ಕು ಅನ್ನೋದು ಅವರ ಭಾಷೆಯಲ್ಲಿ ಸಾವು ಅಂದ ಹಾಗೆ ಕೇಳಿಸುತ್ತದೆ. ಅದಕ್ಕೇ 4, 14 ಎರಡೂ ಬೇಡ. ಹದಿಮೂರರ ಭಯ ಪಶ್ಚಿಮದವರದ್ದು, ಇರಲಿ ಅಂತ ಅದನ್ನೂ ಸೇರಿಸಿಕೊಂಡಿದ್ದಾರೆ. ಮೇಲಾಗಿ ನೆಲಮಹಡಿಯೇ ಅವರಿಗೆ ಒಂದನೆಯದು. ನಮ್ಮ ಲೆಕ್ಕದಲ್ಲಿ ಎಣಿಸಿದರೆ ಅದು 11ನೇ ಮಹಡಿ. ಮೋಸ ಅಲ್ಲಿಂದಲೇ ಶುರುವಾಗಿತ್ತು ಅಂತ ಈಗ ಗೆಳೆಯರ ಮುಂದೆ ನಗುತ್ತೇನೆ.

ಮನೆ ತೋರಿಸಿದ್ದು ಒಬ್ಬ ಹೆಂಗಸು. ವೀಚ್ಯಾಟ್ ಅಂದರೆ ಅಲ್ಲಿನ ವಾಟ್ಸಾಪ್, ಅದರ ಒಂದು ಗುಂಪಿನಲ್ಲಿ ಜಾಹೀರಾತು ಹಾಕಿದ್ದಳು. ಏನು ಕೇಳಿದರೂ 'ಮೇಯ್ ವೆನ್‌ಥಿ' ಅನ್ನುತ್ತಿದ್ದಳು, ಅಂದರೆ ಏನೂ ತೊಂದರೆ ಇಲ್ಲ ಅಂತ. ಗೀಸರ್ ಸರಿ ಇಲ್ಲ, ಮೇಯ್ ವೆನ್‌ಥಿ. ಗೋಡೆಗೆ ಬೂಷ್ಟು ಹಿಡಿದಿದೆ, ಮೇಯ್ ವೆನ್‌ಥಿ. ಅಲ್ಲಿ ಸಾಮಾನ್ಯವಾಗಿ ಒಂದು ತಿಂಗಳ ಅಡ್ವಾನ್ಸ್, ಮೂರು ತಿಂಗಳ ಬಾಡಿಗೆ ಮುಂಚೆಯೇ ಕೊಡುವ ಪದ್ಧತಿ. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು, ಖಾಲಿ ಮಾಡುವಾಗ ಪೇಂಟಿಂಗ್ ಹೆಸರಿನಲ್ಲಿ ಒಂದು ತಿಂಗಳದ್ದು ಬಿಟ್ಟು ಬಂದ ನನಗೆ ಇದು ಧರ್ಮಛತ್ರದ ಹಾಗೆ ಕಂಡಿತು. ಅಕ್ಕಪಕ್ಕದಲ್ಲಿ ಅಂಥ ಮನೆಗೆ ತಿಂಗಳಿಗೆ 6,000 ಯುವಾನ್ ಇತ್ತು. ವರ್ಷದ್ದು ಒಟ್ಟಿಗೆ ಕೊಟ್ಟರೆ 4,800 ಸಾಕು ಅಂದಳು. ಫಾಪಿಯಾವ್ ಮಾತ್ರ ಕೇಳಬೇಡ ಅಂದಳು. ಫಾಪಿಯಾವ್ ಅಂದರೆ ಅಲ್ಲಿನ ತೆರಿಗೆ ಲೆಕ್ಕದ ರಸೀದಿ. ನಮ್ಮಲ್ಲೂ 'ಬಿಲ್ ಬೇಡ ಅಂದರೆ ಕಡಿಮೆ' ಅಂತಾರಲ್ಲ, ಅದೇ ಇದು ಅಂದುಕೊಂಡೆ. ಮಾರ್ಚ್ 1ಕ್ಕೆ ಅಡ್ವಾನ್ಸ್ ಸೇರಿ 62,400 ಯುವಾನ್ ಅವಳ ಖಾತೆಗೆ ಹಾಕಿದೆ.

ಕಾಗದಪತ್ರ ನೋಡಲಿಲ್ಲವೇ ಅಂತ ನನ್ನ ಹೆಂಡತಿ ಕೇಳಿದ ಹಾಗೆ ನೀವೂ ಕೇಳುತ್ತೀರಿ. ನೋಡಿದೆ. ಮನೆಯ ಹಕ್ಕುಪತ್ರದ ಜೆರಾಕ್ಸ್ ಕೊಟ್ಟಿದ್ದಳು. ಅದರ ಮೇಲೆ ಗಂಡಸಿನ ಹೆಸರಿದೆ ಅಂತ ಆಫೀಸಿನ ಹುಡುಗಿ ಓದಿ ಹೇಳಿದಳು. ಕೇಳಿದರೆ 'ನಮ್ಮಪ್ಪ, ಮೇಯ್ ವೆನ್‌ಥಿ'. ಇನ್ನೊಂದು ಧೈರ್ಯವೂ ಇತ್ತು. ಅಲ್ಲಿ ವಿದೇಶಿಯರು ಬಾಡಿಗೆ ಮನೆಗೆ ಬಂದ 24 ಗಂಟೆಯೊಳಗೆ ಪೊಲೀಸ್ ಠಾಣೆಯಲ್ಲಿ ವಿಳಾಸ ನೋಂದಾಯಿಸಬೇಕು. ಅವಳ ಜೆರಾಕ್ಸ್ ತೋರಿಸಿದೆ, ಚೀಟಿ ಸಿಕ್ಕಿತು. ಪೊಲೀಸರೇ ಚೀಟಿ ಕೊಟ್ಟ ಮೇಲೆ ಇನ್ನೇನು? ಆ ಚೀಟಿ ನಾನು ಎಲ್ಲಿ ಮಲಗುತ್ತೇನೆ ಅಂತ ಹೇಳುತ್ತದೆಯೇ ಹೊರತು ಮನೆ ಯಾರದು ಅಂತ ಹೇಳುವುದಿಲ್ಲ. ಇದು ತಲೆಗೆ ಹೋಗಲು ನಾಲ್ಕು ತಿಂಗಳು ಬೇಕಾಯಿತು.

ಆ ನಾಲ್ಕು ತಿಂಗಳು ಚೆನ್ನಾಗಿಯೇ ಇದ್ದೆ. ಸಂಜೆಯಾದರೆ ಕೆಳಗೆ ಬಯಲಿನಲ್ಲಿ ಅರವತ್ತು ದಾಟಿದ ಹೆಂಗಸರು ಸ್ಪೀಕರ್ ಇಟ್ಟು ಸಾಲಾಗಿ ಕುಣಿಯುತ್ತಿದ್ದರು. ಬೆಳಿಗ್ಗೆ ಪೈಜಾಮದಲ್ಲೇ ತರಕಾರಿಗೆ ಹೋಗುವವರು ಸಿಗುತ್ತಿದ್ದರು. 2010ರ ವಿಶ್ವ ಮೇಳಕ್ಕೆ ಮುಂಚೆ ನಗರಾಡಳಿತ ಇದನ್ನು ಬಿಡಿಸಲು ಪ್ರಚಾರವನ್ನೇ ಮಾಡಿತ್ತಂತೆ. ಲುಂಗಿಯಲ್ಲಿ ಹಾಲಿಗೆ ಹೋಗುವ ಊರಿನವನಿಗೆ ಇದರಲ್ಲಿ ತಪ್ಪೇನಂತ ಕಾಣಲಿಲ್ಲ.

ಜುಲೈ 1ಕ್ಕೆ ಕಸದ ಕಾನೂನು ಬಂತು. ಹಸಿ, ಒಣ, ವಿಷ, ಮರುಬಳಕೆ ಅಂತ ನಾಲ್ಕು ಡಬ್ಬ. ತಪ್ಪಿದರೆ 50ರಿಂದ 200 ಯುವಾನ್ ದಂಡ. ಡಬ್ಬದ ಪಕ್ಕ ಒಬ್ಬ ಆಯಿ ಕಾವಲು. ಅಲ್ಲಿ ದೊಡ್ಡ ಹೆಂಗಸರನ್ನು ಆಯಿ ಅಂತಾರೆ. ನಮ್ಮ ಧಾರವಾಡದ ಕಡೆ ಅಜ್ಜಿಯನ್ನು ಹಾಗೆ ಕರೆಯುವುದರಿಂದ ನನಗೆ ಆ ಪದ ಒಂದೇ ದಿನದಲ್ಲಿ ಬಂತು. ಅವರು ಚೀಲ ಬಿಚ್ಚಿಸಿ, 'ನೀನು ಯಾವ ಕಸ?' ಅಂತ ಕೇಳುವುದು ಆ ಬೇಸಿಗೆಯಲ್ಲಿ ಊರಿಗೆ ಊರೇ ಹೇಳಿ ನಗುತ್ತಿದ್ದ ಮಾತು. ನೆನಪಿಡಲು ಒಂದು ಸೂತ್ರವೂ ಓಡಾಡುತ್ತಿತ್ತು: ಹಂದಿ ತಿಂದರೆ ಹಸಿ ಕಸ, ಹಂದಿಯೂ ಮೂಸದಿದ್ದರೆ ಒಣ ಕಸ, ತಿಂದು ಹಂದಿ ಸತ್ತರೆ ವಿಷದ ಕಸ, ಮಾರಿ ಹಂದಿ ಕೊಳ್ಳಬಹುದಾದರೆ ಮರುಬಳಕೆಯದು.

ಅದಾಗಿ ಎರಡನೇ ಭಾನುವಾರ ಬಾಗಿಲು ಬಡಿದ ಸದ್ದಾಯಿತು. ಒಬ್ಬ ಮುದುಕ, ಜೊತೆಗೆ ನಮ್ಮ ಕಸದ ಆಯಿ. ಮುದುಕ ಫೋನಿಗೆ ಏನೋ ಹೇಳಿ, ಅನುವಾದ ತೋರಿಸಿದ. 'ನಾನು ಮನೆ' ಅಂತ ಬಂದಿತ್ತು. ನಾನು ನಕ್ಕೆ. ಆತ ನಗಲಿಲ್ಲ. ಚೀಲದಿಂದ ಕೆಂಪು ರಟ್ಟಿನ ಹಕ್ಕುಪತ್ರ ತೆಗೆದ. ಜೆರಾಕ್ಸ್ ಅಲ್ಲ, ಮೂಲ ಪ್ರತಿ. ಪಕ್ಕದಲ್ಲಿ ತನ್ನ ಗುರುತಿನ ಚೀಟಿ ಇಟ್ಟ. ಎರಡರಲ್ಲೂ ಒಂದೇ ಹೆಸರು.

ಆಗಿದ್ದು ಇಷ್ಟು. ಆ ಹೆಂಗಸು ಅವರ ಮಗಳಲ್ಲ, ಬಾಡಿಗೆದಾರಳು. ತಿಂಗಳಿಗೆ 6,000ದ ಹಾಗೆ ಮೂರು ತಿಂಗಳದ್ದು ಮತ್ತು ಒಂದು ತಿಂಗಳ ಅಡ್ವಾನ್ಸ್ ಕೊಟ್ಟು ಮನೆ ತೆಗೆದುಕೊಂಡಿದ್ದಳು. ಒಟ್ಟು 24,000 ಹಾಕಿ 62,400 ಎತ್ತಿದ್ದಳು. ಜೂನ್ ಬಾಡಿಗೆ ಬರಲಿಲ್ಲ, ಮುದುಕ ಅಡ್ವಾನ್ಸ್‌ನಲ್ಲಿ ಮುರಿದುಕೊಂಡು ಕಾದ. ಜುಲೈನದೂ ಬರಲಿಲ್ಲ, ಮನೆಗೇ ಬಂದ. ಅಲ್ಲಿ ಇಂಥವರಿಗೆ 'ಅರ್ ಫಾಂಗ್‌ದೋಂಗ್', ಎರಡನೇ ಮಾಲೀಕ, ಅನ್ನುತ್ತಾರೆ. ಎಲ್ಲರೂ ಕಳ್ಳರಲ್ಲ, ಆದರೆ ಮಾಲೀಕನ ಒಪ್ಪಿಗೆ ಇಲ್ಲದೆ ಹೀಗೆ ಮರುಬಾಡಿಗೆ ಕೊಟ್ಟರೆ ಮಾಲೀಕ ಒಪ್ಪಂದವನ್ನೇ ಮುರಿಯಬಹುದು. ಬೆಂಗಳೂರಿನಲ್ಲಿ ಮಧ್ಯದವನೊಬ್ಬ ನಿಮ್ಮಿಂದ ಲಕ್ಷಗಟ್ಟಲೆ ಭೋಗ್ಯದ ದುಡ್ಡು ಇಸಿದುಕೊಂಡು, ಮಾಲೀಕನಿಗೆ ತಿಂಗಳ ಬಾಡಿಗೆ ಕೊಟ್ಟ ಹಾಗೆ ಮಾಡಿ ಪರಾರಿಯಾಗುತ್ತಾನಲ್ಲ, ಹೆಚ್ಚುಕಡಿಮೆ ಅದೇ ಆಟ. 6,000ಕ್ಕೆ ತಂದು 4,800ಕ್ಕೆ ಕೊಡುವ ಪುಣ್ಯಾತ್ಗಿತ್ತಿ ಯಾವ ದೇಶದಲ್ಲಿರುತ್ತಾಳೆ ಹೇಳಿ.

ಅವಳಿಗೆ ವೀಚ್ಯಾಟ್ ಮಾಡಿದೆ. ಸಂದೇಶದ ಪಕ್ಕ ಕೆಂಪು ಗುರುತು ಬಂತು. ಬ್ಲಾಕ್ ಮಾಡಿದ್ದಳು. ಠಾಣೆಗೆ ಹೋದೆ. ಮರ್ಯಾದೆಯಿಂದ ಕೂರಿಸಿ ಕಾಗದದ ಲೋಟದಲ್ಲಿ ಬಿಸಿನೀರು ಕೊಟ್ಟರು. ಚೀನಾದಲ್ಲಿ ಜ್ವರ ಬಂದರೂ ಬಿಸಿನೀರು, ದುಡ್ಡು ಹೋದರೂ ಬಿಸಿನೀರು. ಸಹಿ ಹಾಕಿದ ಒಪ್ಪಂದ ಇದೆ, ಇದು ಸಿವಿಲ್ ವ್ಯಾಜ್ಯ, ಕೋರ್ಟಿಗೆ ಹೋಗಿ ಅಂದರು. ವೀಸಾ ಮುಗಿಯಲು ಏಳು ತಿಂಗಳು ಉಳಿದಿದ್ದವನು ಯಾವ ಕೋರ್ಟಿಗೆ ಹೋಗಲಿ? ಮುದುಕ ಒಳ್ಳೆಯವನು. ಜುಲೈ ತಿಂಗಳ ಬಾಡಿಗೆ ತನಗೆ ಕೊಟ್ಟು ತಿಂಗಳ ಕೊನೆವರೆಗೂ ಇರು ಅಂದ. ಕೊಟ್ಟೆ. ಒಂದೇ ಮನೆಗೆ ಎರಡು ಸಲ.

ಹೋಗುವವರು ಇಷ್ಟು ಮಾಡಿ. ಕೆಂಪು ಹಕ್ಕುಪತ್ರದ ಮೂಲ ಪ್ರತಿ, ಅದರಲ್ಲಿರುವ ಹೆಸರಿನವರ ಗುರುತಿನ ಚೀಟಿ, ಎರಡನ್ನೂ ಒಟ್ಟಿಗೆ ನೋಡಿ. ಅಪ್ಪ, ಚಿಕ್ಕಪ್ಪ ಅನ್ನುವ ಕತೆ ಬಂದರೆ ಆ ಅಪ್ಪನನ್ನೇ ಕರೆಸಿ. ಮರುಬಾಡಿಗೆ ಅಂದರೆ ಮಾಲೀಕನ ಒಪ್ಪಿಗೆ ಪತ್ರ ಬರಹದಲ್ಲಿ ಬೇಕು. ಫಾಪಿಯಾವ್ ಕೊಡಲ್ಲ ಅಂದರೆ ಯಾಕೆ ಅಂತ ಕೇಳಿ. ಮೂರು ತಿಂಗಳಿಗಿಂತ ಜಾಸ್ತಿ ಮುಂಗಡ ಬೇಡ. ದಲ್ಲಾಳಿ ಕಮಿಷನ್ ಉಳಿಯಿತು ಅಂತ ಹಿಗ್ಗಬೇಡಿ, ನಾನು ಹಿಗ್ಗಿದ್ದೆ. ಕಂಪನಿ ದೊಡ್ಡದು ಅಂತಲೂ ನಂಬಬೇಡಿ. 2020ರ ಕೊನೆಗೆ ನ್ಯೂಯಾರ್ಕ್ ಷೇರುಪೇಟೆಯಲ್ಲಿದ್ದ ಒಂದು ಬಾಡಿಗೆ ಕಂಪನಿಯೇ ಕೈಯೆತ್ತಿ, ಚೀನಾದ ಎಷ್ಟೋ ಊರುಗಳಲ್ಲಿ ಬಾಡಿಗೆ ಕಟ್ಟಿದವರೇ ಬೀದಿಗೆ ಬಿದ್ದರು.

ಮನೆ ಖಾಲಿ ಮಾಡಿದ ದಿನ ಅವಳ ಒಪ್ಪಂದದ ಜೆರಾಕ್ಸ್ ಪ್ರತಿಗಳನ್ನು ಹಿಡಿದು ಕೆಳಗೆ ಹೋದೆ. ಹಂದಿಯೂ ಮೂಸದ ಕಸ ಅಂತ ಒಣ ಡಬ್ಬಕ್ಕೆ ಹಾಕಲು ಹೊರಟೆ. ಆಯಿ ಕೈ ಹಿಡಿದು ನಿಲ್ಲಿಸಿದರು. ಒಂದೊಂದೇ ಹಾಳೆ ತಿರುವಿ ನೋಡಿ, ಪಿನ್ನು ಕಿತ್ತು ಬೇರೆ ಇಟ್ಟು, ಕಾಗದವನ್ನು ಮರುಬಳಕೆ ಡಬ್ಬಕ್ಕೆ ಹಾಕಿದರು. ಮಾರಿದರೆ ಹಂದಿ ಬರುತ್ತದಂತೆ.